ಪಾಲಿಸಿ ಕಂಪನಿಯದು, ಹೊಟ್ಟೆನೋವು ನಮ್ಮದು: ನಮ್ಮ ಗುಂಪು ಆರೋಗ್ಯ ವಿಮೆಯ ವಿಮರ್ಶೆ

ಹೋಟೆಲಿನ ದೋಸೆ ರುಚಿಸದಿದ್ದರೆ ಮರುದಿನ ಪಕ್ಕದ ಹೋಟೆಲಿಗೆ ಹೋಗಬಹುದು. ಕಂಪನಿ ಮಾಡಿಸಿಕೊಟ್ಟ ಆರೋಗ್ಯ ವಿಮೆಯಲ್ಲಿ ಆ ಅನುಕೂಲವಿಲ್ಲ. ಆರಿಸುವವರು ಮಾಲೀಕರು, ಮಾರುವವರು ಬ್ರೋಕರ್, ನಡೆಸುವವರು ಟಿಪಿಎ ಎಂಬ ಮಧ್ಯವರ್ತಿ ಸಂಸ್ಥೆ. ಮಂಚದ ಮೇಲೆ ಮಲಗುವವರು ಮಾತ್ರ ನಾವು. ಇಂಥ ಪಾಲಿಸಿಗಳಿಗೆ ಯಾರೂ ವಿಮರ್ಶೆ ಬರೆಯದಿರುವುದಕ್ಕೆ ಇದೇ ಕಾರಣವಿರಬೇಕು. ನಾನು ಬರೆಯುತ್ತೇನೆ, ಏಕೆಂದರೆ ನಾನು ಎರಡೂ ಕಡೆ ಕುಳಿತವಳು. ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಹಾಜರಿ, ಸಂಬಳ, ಪಿಎಫ್, ಇಎಸ್‌ಐ ಎಂಬ ಕಾರ್ಮಿಕರ ಸರ್ಕಾರಿ ವಿಮೆ ಎಲ್ಲ ನೋಡಿಕೊಳ್ಳುವ ಕೆಲಸ ನನ್ನದು. ವರ್ಷಕ್ಕೊಮ್ಮೆ ಈ ಪಾಲಿಸಿಯ ನವೀಕರಣಕ್ಕೆ ಬ್ರೋಕರ್ ಜೊತೆ ಚೌಕಾಸಿ ಮಾಡುವವಳೂ ನಾನೇ. ಕಳೆದ ವರ್ಷ ನಮ್ಮ ಅತ್ತೆಯವರ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಅದೇ ಪಾಲಿಸಿಯ ಕಾರ್ಡ್ ಹಿಡಿದು ಆಸ್ಪತ್ರೆಯ ವಿಮಾ ಡೆಸ್ಕಿನ ಮುಂದೆ ನಿಂತವಳೂ ನಾನೇ. ವಿಮಾ ಕಂಪನಿ, ಟಿಪಿಎ, ಆಸ್ಪತ್ರೆ ಯಾವುದರ ಹೆಸರನ್ನೂ ಹೇಳುವುದಿಲ್ಲ. ಹೆಸರು ಬದಲಾದರೂ ಕಥೆ ಹೆಚ್ಚೇನೂ ಬದಲಾಗುವುದಿಲ್ಲ ಎಂದು ಬೇರೆ ಕಾರ್ಖಾನೆಗಳಲ್ಲಿ ನನ್ನದೇ ಕುರ್ಚಿಯಲ್ಲಿರುವ ಗೆಳತಿಯರು ಹೇಳುತ್ತಾರೆ.

ಈ ಪಾಲಿಸಿ ನಮ್ಮಲ್ಲಿಗೆ ಬಂದದ್ದೇ ಒಂದು ಸರ್ಕಾರಿ ಆದೇಶದಿಂದ. ಕೊರೊನಾ ಲಾಕ್‌ಡೌನಿನಲ್ಲಿ, 2020ರ ಏಪ್ರಿಲ್ 15ರಂದು, ಕೇಂದ್ರ ಗೃಹ ಸಚಿವಾಲಯ ಕೆಲಸದ ಸ್ಥಳಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಕಾರ್ಮಿಕರಿಗೆ ವೈದ್ಯಕೀಯ ವಿಮೆ ಕಡ್ಡಾಯ ಎಂಬ ಒಂದು ಸಾಲು ಇತ್ತು. ಬೀಗ ತೆಗೆಯಬೇಕಾದರೆ ಅದನ್ನೂ ಪಾಲಿಸಬೇಕು. ಇಎಸ್‌ಐ ವ್ಯಾಪ್ತಿಯಲ್ಲಿ ಇಲ್ಲದವರಿಗಾಗಿ ನಮ್ಮ ಮಾಲೀಕರು ಅವಸರದಲ್ಲಿ ಒಂದು ಗುಂಪು ಪಾಲಿಸಿ ಕೊಂಡರು. ಆ ಆದೇಶದ ಕಾಲ ಮುಗಿಯಿತು, ಪಾಲಿಸಿ ಉಳಿಯಿತು. ಕಾನೂನಿನ ಪ್ರಕಾರ ನಮ್ಮಂಥ ಕಾರ್ಖಾನೆಗೆ ಕಡ್ಡಾಯವಾಗಿರುವುದು ಇಎಸ್‌ಐ. ಅದರಾಚೆಗಿನ ಗುಂಪು ವಿಮೆ ಇವತ್ತಿಗೂ ಮಾಲೀಕರ ಮನಸ್ಸಿಗೆ ಬಿಟ್ಟದ್ದು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಅನೇಕ ತೊಡಕುಗಳು ಅರ್ಥವಾಗುತ್ತವೆ.

ಪಾಲಿಸಿಯಲ್ಲಿ ಏನಿದೆ? ಇಡೀ ಕುಟುಂಬಕ್ಕೆ ಸೇರಿ ವರ್ಷಕ್ಕೆ 3 ಲಕ್ಷ ರೂಪಾಯಿ. ಗಂಡ ಅಥವಾ ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ತಂದೆತಾಯಿ ಇಲ್ಲವೇ ಅತ್ತೆಮಾವ, ಎರಡರಲ್ಲಿ ಒಂದು ಜೋಡಿ. ಹಿರಿಯರ ಪ್ರೀಮಿಯಂನ ಅರ್ಧ ನಮ್ಮ ಸಂಬಳದಿಂದ ಕಡಿತ. ಹಿರಿಯರ ಚಿಕಿತ್ಸೆಯಲ್ಲಿ ಶೇ 20ರಷ್ಟು ನಾವೇ ಭರಿಸಬೇಕು, ಇದನ್ನು ಕೋ-ಪೇ ಎನ್ನುತ್ತಾರೆ. ಕೋಣೆ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ 1, ಅಂದರೆ 3,000 ರೂಪಾಯಿ. ಈ ಕೊನೆಯ ಸಾಲನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಿ. ಬ್ರೋಕರ್ ತನ್ನ ಪರಿಚಯ ಭಾಷಣದಲ್ಲಿ ಅದನ್ನು ಉಸಿರು ಬಿಡುವಷ್ಟು ಹೊತ್ತಿನಲ್ಲಿ ದಾಟಿಬಿಟ್ಟರು.

ಮೊದಲು ಹೊಗಳುವುದನ್ನು ಹೊಗಳಿಬಿಡುತ್ತೇನೆ. ಗುಂಪು ಪಾಲಿಸಿಯ ದೊಡ್ಡ ಗುಣ, ಹಳೆಯ ಕಾಯಿಲೆಗಳಿಗೂ ಮೊದಲ ದಿನದಿಂದಲೇ ರಕ್ಷಣೆ. ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಅವರ ಹೆಸರಿನಲ್ಲಿ ಸ್ವಂತ ಪಾಲಿಸಿ ಮಾಡಿಸಲು ಹೋದರೆ ರಕ್ತ ಪರೀಕ್ಷೆ, ಇಸಿಜಿ, ಆಮೇಲೆ ಆ ಕಾಯಿಲೆಗಳಿಗೆ ವಿಮೆ ಸಿಗದ ಕಾಯುವ ಅವಧಿ. 2024ರ ಏಪ್ರಿಲ್‌ನಿಂದ ಹಳೆಯ ಕಾಯಿಲೆಗಳ ಕಾಯುವ ಅವಧಿ 36 ತಿಂಗಳಿಗಿಂತ ಹೆಚ್ಚಿರಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ನಿಯಮ ಮಾಡಿದೆ. ಮೊದಲು ಅದು 48 ತಿಂಗಳಿತ್ತು. ಒಳ್ಳೆಯದೇ. ಆದರೆ ಎಪ್ಪತ್ತು ದಾಟಿದವರಿಗೆ 36 ತಿಂಗಳೂ ಬಹಳ ದೂರ. ಕಂಪನಿಯ ಪಾಲಿಸಿ ಇದ್ಯಾವುದನ್ನೂ ಕೇಳಲಿಲ್ಲ. ಪಟ್ಟಿಗೆ ಹೆಸರು, ಹುಟ್ಟಿದ ದಿನಾಂಕ ಸೇರಿಸಿದೆ, ಇ-ಕಾರ್ಡ್ ಬಂತು. ಹೆಸರಿನ ಮುಂದಿನ ಇನಿಷಿಯಲ್ ತಪ್ಪಾಗಿತ್ತು, ಅದನ್ನು ಸರಿಪಡಿಸಲು ಆ್ಯಪ್‌ನಲ್ಲಿ ದಾರಿಯೇ ಇರಲಿಲ್ಲ, ಕೊನೆಗೆ ಮಿಂಚಂಚೆ ಬರೆದೆ. ಆ್ಯಪ್ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವಂಥದ್ದೇನೂ ಇಲ್ಲ.

ಇನ್ನು ಆಸ್ಪತ್ರೆ. ತುಮಕೂರು ರಸ್ತೆಯ ಕಡೆಯ ಒಂದು ಖಾಸಗಿ ಆಸ್ಪತ್ರೆ. ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಯಾದ್ದರಿಂದ ಕ್ಯಾಶ್‌ಲೆಸ್ ಅನುಮತಿಗೆ, ಅಂದರೆ ಆಸ್ಪತ್ರೆಗೆ ವಿಮೆಯವರೇ ನೇರವಾಗಿ ಹಣ ಕಟ್ಟುವುದಕ್ಕೆ, ಮುಂಚಿತವಾಗಿಯೇ ಕಾಗದಪತ್ರ ಕೊಟ್ಟಿದ್ದೆವು. 2024ರ ಮೇ 29ರಂದು ಐಆರ್‌ಡಿಎಐ ಆರೋಗ್ಯ ವಿಮೆಯ ಬಗ್ಗೆ ಒಂದು ಮಹಾ ಸುತ್ತೋಲೆ ಹೊರಡಿಸಿತು. ಹಳೆಯ 55 ಸುತ್ತೋಲೆಗಳನ್ನು ರದ್ದುಮಾಡಿ ಎಲ್ಲವನ್ನೂ ಒಂದೆಡೆ ತಂದ ದಾಖಲೆ ಅದು. ಕ್ಯಾಶ್‌ಲೆಸ್ ಕೋರಿಕೆ ಬಂದ ಒಂದು ಗಂಟೆಯೊಳಗೆ ವಿಮಾ ಕಂಪನಿ ಉತ್ತರಿಸಬೇಕು. ಬಿಡುಗಡೆಯ ಹೊತ್ತಿನಲ್ಲಿ ಆಸ್ಪತ್ರೆಯಿಂದ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಅಂತಿಮ ಅನುಮತಿ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಆ ಹಣವನ್ನು ವಿಮಾ ಕಂಪನಿ ತನ್ನ ಷೇರುದಾರರ ನಿಧಿಯಿಂದ ಕೊಡಬೇಕು. ಓದಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಷೇರುದಾರರ ನಿಧಿ ಎಂದು ಬರೆದವರು ಯಾರೋ, ಅವರಿಗೆ ಎಲ್ಲಿ ಚುಚ್ಚಿದರೆ ನೋವಾಗುತ್ತದೆ ಎಂದು ಚೆನ್ನಾಗಿ ಗೊತ್ತು.

ದಾಖಲಾಗುವಾಗಿನ ಒಂದು ಗಂಟೆಯ ನಿಯಮ ನಮಗೆ ಚೆನ್ನಾಗಿಯೇ ಕೆಲಸ ಮಾಡಿತು. ಅನುಮತಿಯ ಸಂದೇಶ ಬರುವಾಗ ಅತ್ತೆಯವರು ಇನ್ನೂ ಬಳೆ ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದರು. ಬಿಡುಗಡೆಯ ದಿನ ಮಾತ್ರ ಬೇರೆಯೇ. ಬೆಳಿಗ್ಗೆ ಸುತ್ತು ಬಂದ ವೈದ್ಯರು “ಇವತ್ತು ಮನೆಗೆ ಹೋಗಬಹುದು ಅಮ್ಮ” ಎಂದರು. ಚೀಲ ಕಟ್ಟಿದೆವು. ಮಧ್ಯಾಹ್ನದ ಊಟ ಬಂತು, ಹೋಯಿತು. ವಿಮಾ ಡೆಸ್ಕಿನ ಹುಡುಗ ಕಂಪ್ಯೂಟರಿನಿಂದ ತಲೆಯೆತ್ತದೆ “ವಿಮೆಯವರಿಂದ ಇನ್ನೂ ಬಂದಿಲ್ಲ ಮೇಡಂ” ಎನ್ನುತ್ತಿದ್ದ. ನಾನು ಜಗಳಕ್ಕೆ ಹೋಗಲಿಲ್ಲ. “ಅಂತಿಮ ಬಿಲ್ಲನ್ನು ಅವರಿಗೆ ಕಳುಹಿಸಿದ್ದು ಎಷ್ಟು ಗಂಟೆಗೆ? ಆ ಮಿಂಚಂಚೆ ತೋರಿಸಪ್ಪ” ಎಂದೆ. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಕಳುಹಿಸಿದ ಸಮಯ ಮಧ್ಯಾಹ್ನ ಎರಡು ದಾಟಿತ್ತು. ಅಂದರೆ ಬೆಳಗಿನಿಂದ ಅಲ್ಲಿಯವರೆಗೂ ಬಿಲ್ಲು ಆಸ್ಪತ್ರೆಯ ಒಳಗೇ ಓಡಾಡುತ್ತಿತ್ತು: ಔಷಧ ಅಂಗಡಿಯಿಂದ ಹಿಂತಿರುಗಿಸಿದ ಮಾತ್ರೆಗಳ ಲೆಕ್ಕ, ಪ್ರಯೋಗಾಲಯದ ಲೆಕ್ಕ, ಡಿಸ್ಚಾರ್ಜ್ ಸಾರಾಂಶಕ್ಕೆ ಯಾರದೋ ಸಹಿ.

ಟಿಪಿಎ ಉತ್ತರ ಸಂಜೆ ಐದರೊಳಗೆ ಬಂತು. ಕಾನೂನು ಹೇಳಿದ ಮೂರು ಗಂಟೆಯೊಳಗೇ. ನಾವು ಕಾದದ್ದು ಮಾತ್ರ ಇಡೀ ಹಗಲು. ಈ ನಿಯಮದ ಬಗ್ಗೆ ನನ್ನ ದೂರು ಇದೇ. ಗಡಿಯಾರ ಓಡಲು ಶುರುವಾಗುವುದು ವೈದ್ಯರು ಮನೆಗೆ ಹೋಗಿ ಎಂದಾಗ ಅಲ್ಲ, ಆಸ್ಪತ್ರೆ ಕೋರಿಕೆ ಕಳುಹಿಸಿದಾಗ. ವಿಮಾ ಕಂಪನಿಯನ್ನು ಹಿಡಿಯಲು ಐಆರ್‌ಡಿಎಐಗೆ ಅಧಿಕಾರವಿದೆ, ಆಸ್ಪತ್ರೆಯನ್ನು ಹಿಡಿಯಲು ಇಲ್ಲ. ಆಸ್ಪತ್ರೆಗಳು ಬರುವುದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಡಿಯಲ್ಲಿ. ಆ 2007ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ಬೆಂಗಳೂರಿನ ವೈದ್ಯರು ಆಸ್ಪತ್ರೆ ಮುಚ್ಚಿ ಮುಷ್ಕರ ಹೂಡಿದ್ದು ನೆನಪಿರಬಹುದು. ಹೀಗೆ ಒಬ್ಬ ರೋಗಿಯ ಒಂದೇ ಬಿಲ್ಲು ಇಬ್ಬರು ಬೇರೆ ಬೇರೆ ಯಜಮಾನರ ಮೇಜು ದಾಟಿ ಬರಬೇಕು. ಬಿಡುಗಡೆಯ ದಿನ ಕಾಯುವವರಿಗೆ ನನ್ನ ಸಲಹೆ ಇಷ್ಟೇ: ವಿಮಾ ಕಂಪನಿಗೆ ಬೈಯುವ ಮೊದಲು ಕಳುಹಿಸಿದ ಸಮಯ ನೋಡಿ, ಆಮೇಲೆ ಬೈಯಬೇಕಾದವರು ಯಾರು ಎಂದು ತೀರ್ಮಾನಿಸಿ.

ಈಗ ಬಿಲ್ಲಿನ ವಿಚಾರ. ನನ್ನಂಥ ಲೆಕ್ಕದವಳಿಗೆ ಇದೇ ಊಟದ ಎಲೆ, ಸ್ವಲ್ಪ ನಿಧಾನವಾಗಿ ಬಡಿಸುತ್ತೇನೆ. 3,000 ರೂಪಾಯಿಯ ಕೋಣೆ ಆ ಆಸ್ಪತ್ರೆಯಲ್ಲಿ ಖಾಲಿ ಇರಲಿಲ್ಲ. ದಿನಕ್ಕೆ 5,000 ರೂಪಾಯಿಯ ಕೋಣೆ ಸಿಕ್ಕಿತು. ಹೆಚ್ಚುವರಿ 2,000 ನಾವು ಕೊಟ್ಟರಾಯಿತು ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಪಾಲಿಸಿಯಲ್ಲಿ ಅನುಪಾತದ ಕಡಿತ ಎಂಬುದೊಂದಿದೆ. ಅರ್ಹತೆ 3,000, ಹಿಡಿದದ್ದು 5,000 ಎಂದಾದರೆ ಶಸ್ತ್ರಚಿಕಿತ್ಸಕರ ಶುಲ್ಕ, ಅರಿವಳಿಕೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಬಾಡಿಗೆ, ದಾದಿಯರ ಶುಲ್ಕ ಎಲ್ಲದರಲ್ಲೂ ಐದರಲ್ಲಿ ಮೂರು ಪಾಲು ಮಾತ್ರ ಸಿಗುತ್ತದೆ. ದೊಡ್ಡ ಕೋಣೆ ಹಿಡಿದವರಿಗೆ ಆಸ್ಪತ್ರೆ ಎಲ್ಲದಕ್ಕೂ ದೊಡ್ಡ ದರ ಹಾಕುತ್ತದೆ ಎಂಬುದು ಇದರ ಹಿಂದಿನ ವಾದ. ವಾದದಲ್ಲಿ ಹುರುಳಿಲ್ಲ ಎನ್ನಲಾರೆ.

ಆದರೆ ಈ ಕತ್ತರಿಗೂ 2020ರಲ್ಲಿ ಐಆರ್‌ಡಿಎಐ ಒಂದು ಗೆರೆ ಹಾಕಿತು. ಔಷಧ, ಬಳಸಿ ಬಿಸಾಡುವ ಸಾಮಗ್ರಿ, ದೇಹದೊಳಗೆ ಅಳವಡಿಸುವ ಸಾಧನ, ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಇವುಗಳನ್ನು ಅನುಪಾತದಲ್ಲಿ ಕಡಿಯುವಂತಿಲ್ಲ, ತೀವ್ರ ನಿಗಾ ಘಟಕದ ಶುಲ್ಕಕ್ಕೂ ಹಾಗೆ ಮಾಡುವಂತಿಲ್ಲ. ಸಾಮಾನ್ಯ ವಾರ್ಡಿನವರಿಗೂ ಖಾಸಗಿ ಕೋಣೆಯವರಿಗೂ ಮಾತ್ರೆಯ ಬೆಲೆ ಒಂದೇ ತಾನೇ. ಈ ಷರತ್ತು ನಮ್ಮ ಪಾಲಿಸಿಯ ಪ್ರತಿಯಲ್ಲೂ ಅಚ್ಚಾಗಿತ್ತು.

ನಮ್ಮ ಬಿಲ್ಲು ಒಟ್ಟು 1,35,000 ರೂಪಾಯಿ. ಕೋಣೆ ಬಾಡಿಗೆ 15,000. ವೈದ್ಯರು, ಶಸ್ತ್ರಚಿಕಿತ್ಸಾ ಕೊಠಡಿ, ದಾದಿಯರು ಸೇರಿ 70,000. ಔಷಧ ಮತ್ತು ಸಾಮಗ್ರಿ 28,000. ಪರೀಕ್ಷೆಗಳು 17,000. ಉಳಿದ 5,000 ನೋಂದಣಿ ಶುಲ್ಕ, ಕೈಗವಸು ಇತ್ಯಾದಿ, ವಿಮೆ ಕೊಡದ ಬಾಬತ್ತುಗಳು. ಆ 5,000 ಬಿಟ್ಟು ಮಿಕ್ಕ 1,30,000ಕ್ಕೂ ಟಿಪಿಎ ಕಣ್ಣುಮುಚ್ಚಿ ಶೇ 60ರ ಅನುಪಾತ ಹಾಕಿತು. 78,000 ಉಳಿಯಿತು. ಅದರಲ್ಲಿ ಕೋ-ಪೇ ಶೇ 20 ಕಳೆದು 62,400 ಮಂಜೂರು. ಸರಿಯಾದ ಲೆಕ್ಕ ಹೀಗೆ: ಬಾಡಿಗೆಯಲ್ಲಿ 9,000, ವೈದ್ಯರ ಬಾಬತ್ತಿನಲ್ಲಿ 42,000, ಔಷಧ ಪೂರ್ತಿ 28,000, ಪರೀಕ್ಷೆ ಪೂರ್ತಿ 17,000, ಒಟ್ಟು 96,000. ಕೋ-ಪೇ ಕಳೆದರೆ 76,800. ವ್ಯತ್ಯಾಸ 14,400 ರೂಪಾಯಿ. ನಮ್ಮ ಯಜಮಾನರು “ಹೋಗಲಿ ಬಿಡು, ಅಮ್ಮ ಚೆನ್ನಾಗಿದ್ದಾರಲ್ಲ” ಎಂದರು. ಅಮ್ಮ ಚೆನ್ನಾಗಿರುವುದಕ್ಕೂ ಟಿಪಿಎ ಗುಣಾಕಾರ ತಪ್ಪಾಗಿರುವುದಕ್ಕೂ ಏನು ಸಂಬಂಧವೋ.

ಆ ಮೊತ್ತ ವಾಪಸು ಬಂದದ್ದು ಕಾನೂನು ಗೊತ್ತಿದ್ದುದರಿಂದ. 2024ರ ಸುತ್ತೋಲೆಯ ಪ್ರಕಾರ ವಿಮಾ ಕಂಪನಿಯ ಮರುಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಭಾಗಶಃ ಕಡಿತ ಮಾಡಿದರೂ ಪಾಲಿಸಿಯ ಯಾವ ಷರತ್ತಿನ ಆಧಾರದ ಮೇಲೆ ಎಂದು ತಿಳಿಸಬೇಕು. ನಮಗೆ ಬಂದ ಪತ್ರದಲ್ಲಿ “ಪಾಲಿಸಿಯ ಷರತ್ತುಗಳಂತೆ” ಎಂದಷ್ಟೇ ಇತ್ತು. ಯಾವ ಷರತ್ತು ಎಂದು ಕೇಳಿ ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆದೆ, ನನ್ನ ಲೆಕ್ಕವನ್ನು ಜೊತೆಗಿಟ್ಟೆ. ಟಿಪಿಎ ಸಹಾಯವಾಣಿಗೆ ಬರೆಯಲಿಲ್ಲ, ಅಲ್ಲಿ ಪ್ರತಿ ಸಲವೂ ಬೇರೆ ಬೇರೆ ಧ್ವನಿ, ಒಂದೇ ಉತ್ತರ. ಎರಡು ವಾರ ಮುಗಿಯುವ ಮೊದಲೇ 14,400 ರೂಪಾಯಿ ನಮ್ಮ ಖಾತೆಗೆ ಬಂತು. ಕ್ಷಮೆಯ ಒಂದು ಸಾಲೂ ಇರಲಿಲ್ಲ, “ಮರುಪರಿಶೀಲನೆಯ ನಂತರ” ಎಂಬ ಶೀರ್ಷಿಕೆ ಇತ್ತು. ಪರವಾಗಿಲ್ಲ, ಶೀರ್ಷಿಕೆಯಿಂದ ಔಷಧ ಕೊಳ್ಳಲಾಗುವುದಿಲ್ಲ, ದುಡ್ಡಿನಿಂದ ಕೊಳ್ಳಬಹುದು.

ಬರದಿದ್ದರೆ ಮುಂದಿನ ಮೆಟ್ಟಿಲು ಜೆ.ಪಿ. ನಗರದ ಜೀವನ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿಯ, ಕಚೇರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಮಾ ಕಂಪನಿಗೆ ಬರೆದು ಒಂದು ತಿಂಗಳು ಕಾದಿರಬೇಕು, ಅಷ್ಟೇ. 50 ಲಕ್ಷ ರೂಪಾಯಿವರೆಗಿನ ದೂರು ಕೇಳುತ್ತಾರೆ, 2023ರವರೆಗೆ ಆ ಮಿತಿ 30 ಲಕ್ಷವಿತ್ತು. ಗುಂಪು ಪಾಲಿಸಿಯವರಿಗೆ ಅಲ್ಲಿ ಜಾಗವಿಲ್ಲ ಎಂದು ನಮ್ಮ ಬ್ರೋಕರ್ ಒಮ್ಮೆ ಹೇಳಿದ್ದರು. 2017ರ ಓಂಬುಡ್ಸ್‌ಮನ್ ನಿಯಮಗಳಲ್ಲಿ ಗುಂಪು ಪಾಲಿಸಿಗಳ ಹೆಸರು ಸ್ಪಷ್ಟವಾಗಿಯೇ ಇದೆ. ಓಂಬುಡ್ಸ್‌ಮನ್ ತೀರ್ಪನ್ನು 30 ದಿನದೊಳಗೆ ಜಾರಿಮಾಡದಿದ್ದರೆ ವಿಮಾ ಕಂಪನಿ ದೂರುದಾರರಿಗೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂಬುದೂ ಆ 2024ರ ಸುತ್ತೋಲೆಯ ಮಾತೇ.

ಇಷ್ಟೆಲ್ಲ ಹಕ್ಕು ನಮ್ಮ ಕಾರ್ಖಾನೆಯ ಎಷ್ಟು ಮಂದಿಗೆ ಗೊತ್ತಿತ್ತು? ಒಬ್ಬರಿಗೂ ಇಲ್ಲ. ಗೊತ್ತಾಗುವುದಾದರೂ ಹೇಗೆ? ಪಾಲಿಸಿಯ ಪೂರ್ತಿ ಪ್ರತಿ ಬರುವುದು ಪಾಲಿಸಿದಾರರಿಗೆ, ಗುಂಪಿನಲ್ಲಿ ಪಾಲಿಸಿದಾರರೆಂದರೆ ಕಂಪನಿ. ನೌಕರರ ಕೈಗೆ ಸಿಗುವುದು ಇ-ಕಾರ್ಡ್ ಮತ್ತು ನಗುವ ಕುಟುಂಬದ ಚಿತ್ರವಿರುವ ಎರಡು ಪುಟದ ಕೈಪಿಡಿ. ಮುಖ್ಯಾಂಶಗಳನ್ನು ಸರಳವಾಗಿ ಹೇಳುವ ಗ್ರಾಹಕ ಮಾಹಿತಿ ಪತ್ರವನ್ನು ಪಾಲಿಸಿಯ ಜೊತೆ ಕೊಡಲೇಬೇಕು, ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು ಎಂಬ ನಿಯಮ 2024ರ ಜನವರಿಯಿಂದ ಇದೆ. ಕನ್ನಡದ್ದು ಬೇಕೆಂದು ಬರೆದೆ. ನೆನಪೋಲೆಗಳ ನಂತರ ಬಂತು. ಅದನ್ನು ಹಾಜರಿ ಯಂತ್ರದ ಪಕ್ಕದ ಫಲಕದಲ್ಲಿ ಅಂಟಿಸಿದೆ. ಆ ವಾರ ಸಿಎನ್‌ಸಿ ವಿಭಾಗದಿಂದ ಬಂದ ಪ್ರಶ್ನೆಗಳು ಹಿಂದಿನ ಎಲ್ಲ ವರ್ಷಗಳಲ್ಲಿ ಬಂದದ್ದಕ್ಕಿಂತ ಹೆಚ್ಚು. ಅದರಲ್ಲಿ ಒಂದು ಪ್ರಶ್ನೆ ತುಂಬಾ ಚೆನ್ನಾಗಿತ್ತು: “ಮೇಡಂ, 3,000 ರೂಪಾಯಿಗೆ ಕೋಣೆ ಕೊಡುವ ಆಸ್ಪತ್ರೆ ಬೆಂಗಳೂರಿನಲ್ಲಿ ಎಲ್ಲಿದೆ?” ಬ್ರೋಕರ್‌ಗೆ ದಾಟಿಸಿದೆ. ಇನ್ನೂ ಯೋಚಿಸುತ್ತಿದ್ದಾರೆ.

ದುಡ್ಡಿಗೆ ತಕ್ಕ ಸರಕೇ ಎಂಬ ಪ್ರಶ್ನೆಗೆ 2025ರ ಸೆಪ್ಟೆಂಬರ್ ನಂತರ ಉತ್ತರ ಬದಲಾಗಿದೆ. ಆ ತಿಂಗಳ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಜಿಎಸ್‌ಟಿ ಶೂನ್ಯ. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂತು, ನಮ್ಮ ಮಾಲೀಕರು ಬೆಳಿಗ್ಗೆ ಬಂದವರೇ “ಈ ಸಲ ಶೇ 18 ಉಳಿಯಿತಲ್ಲಮ್ಮ” ಎಂದರು. ಉಳಿಯಲಿಲ್ಲ. ಗುಂಪು ಪಾಲಿಸಿಗೆ ಆ ವಿನಾಯಿತಿ ಇಲ್ಲ, ಹಿಂದಿನಂತೆಯೇ ಶೇ 18. ಪ್ರೀಮಿಯಂ 10 ಲಕ್ಷವಾದರೆ ತೆರಿಗೆ 1,80,000. ಕಾನೂನು ಕಡ್ಡಾಯ ಮಾಡಿರದ ಇಂಥ ವಿಮೆಗೆ ಕಟ್ಟಿದ ತೆರಿಗೆಯನ್ನು ಕಂಪನಿ ತನ್ನ ಜಿಎಸ್‌ಟಿ ಬಾಕಿಯಲ್ಲಿ ಹೊಂದಿಸಿಕೊಳ್ಳುವಂತೆಯೂ ಇಲ್ಲ. ನೌಕರರಿಗೆ ಒಳ್ಳೆಯದು ಮಾಡಿದ ಮಾಲೀಕರಿಗೆ ದಂಡ, ಮಾಡದವರಿಗೆ ಏನೂ ಇಲ್ಲ. ತೆರಿಗೆ ಮಂಡಳಿಯವರ ತರ್ಕ ಅವರಿಗೇ ಗೊತ್ತು. ಹಿರಿಯರಿಗಾಗಿ ನಮ್ಮ ಸಂಬಳದಿಂದ ಕಡಿದ ಪಾಲಿನ ಮೇಲೂ ಇದೇ ತೆರಿಗೆ ಬೀಳುತ್ತದೆ. ಹೀಗಾಗಿ ಈಗ ನಾನು ಸಹೋದ್ಯೋಗಿಗಳಿಗೆ ಹೇಳುವುದು, ಕಂಪನಿಯ ಮೂಲಕ ಮೊತ್ತ ಹೆಚ್ಚಿಸಿಕೊಳ್ಳುವ ಬದಲು ಸ್ವಂತ ಹೆಸರಿನಲ್ಲಿ ಒಂದು ಟಾಪ್ ಅಪ್ ಪಾಲಿಸಿ, ಅಂದರೆ ಒಂದು ಮೊತ್ತ ದಾಟಿದ ಮೇಲಿನ ಖರ್ಚು ಭರಿಸುವ ಪಾಲಿಸಿ, ಕೊಳ್ಳಿ ಎಂದು. ತೆರಿಗೆ ಇಲ್ಲ, ಕೆಲಸ ಬಿಟ್ಟರೂ ಅದು ಜೊತೆಗೆ ಬರುತ್ತದೆ.

ಇಎಸ್‌ಐ ಜೊತೆ ಹೋಲಿಸದೆ ಈ ವಿಮರ್ಶೆ ಪೂರ್ತಿಯಾಗುವುದಿಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಮಂದಿ ಇಎಸ್‌ಐ ವ್ಯಾಪ್ತಿಯವರು. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದವರಿಗೆ ಅದು. ಈ ಮಿತಿ ನಿಗದಿಯಾದದ್ದು 2017ರ ಜನವರಿಯಲ್ಲಿ, ಅಂದಿನಿಂದ ಅಕ್ಕಿಯ ಬೆಲೆ, ಮನೆ ಬಾಡಿಗೆ ಎಲ್ಲಿಗೆ ಮುಟ್ಟಿವೆ ನೋಡಿ. ನೌಕರರಿಂದ ಶೇ 0.75, ಮಾಲೀಕರಿಂದ ಶೇ 3.25. ಇಷ್ಟಕ್ಕೆ ಚಿಕಿತ್ಸೆಯ ವೆಚ್ಚಕ್ಕೆ ಗರಿಷ್ಠ ಮಿತಿಯೇ ಇಲ್ಲ, ಅವಲಂಬಿತ ತಂದೆತಾಯಿಗೂ ರಕ್ಷಣೆ, ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70, ಹೆರಿಗೆಗೆ 26 ವಾರಗಳ ಪೂರ್ತಿ ವೇತನ. ಖಾಸಗಿ ಆಸ್ಪತ್ರೆಯ ತಂಪು ಕೋಣೆ ಅಲ್ಲಿಲ್ಲ, ನಿಜ. ಆದರೆ 3 ಲಕ್ಷ ಮುಗಿದ ಮೇಲೆ ಏನು ಎಂಬ ಚಿಂತೆಯೂ ಇಲ್ಲ.

ಇದು ಗೊತ್ತಿರುವ ಹಳಬರು ಸಂಬಳ ಏರಿಕೆಯ ತಿಂಗಳಲ್ಲಿ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ. “ಮೇಡಂ, ನನಗೆ ಈ ಸಲ 21 ಸಾವಿರ ದಾಟಿಸಬೇಡಿ” ಎಂದು ಲೇತ್ ವಿಭಾಗದ ಹಿರಿಯರೊಬ್ಬರು ಕೇಳಿಕೊಂಡರು. ಅವರ ಹೆಂಡತಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಸಂಬಳ ಹೆಚ್ಚಿಸಬೇಡಿ ಎಂದು ಮನುಷ್ಯ ಬಾಯಿಬಿಟ್ಟು ಕೇಳಬೇಕಾದ ಸ್ಥಿತಿ. ಆರು ತಿಂಗಳ ವಂತಿಗೆ ಅವಧಿಯ ನಡುವೆ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೂ ಇಎಸ್‌ಐ ವಂತಿಗೆ ಮುಂದುವರಿಯುತ್ತದೆ, ಮೇ ತಿಂಗಳಲ್ಲಿ ದಾಟಿಸಿದರೆ ಸೆಪ್ಟೆಂಬರ್ ಕೊನೆಯವರೆಗೆ, ನವೆಂಬರ್‌ನಲ್ಲಿ ದಾಟಿಸಿದರೆ ಮಾರ್ಚ್ ಕೊನೆಯವರೆಗೆ. ಆ ವಂತಿಗೆಯಿಂದ ಸಿಗುವ ಚಿಕಿತ್ಸೆಯ ಅವಧಿಯೂ ಮುಗಿದ ಮೇಲೆ ಅವರಿಗೆ ಉಳಿಯುವುದು ನಮ್ಮ 3 ಲಕ್ಷದ ಗುಂಪು ಪಾಲಿಸಿ ಮಾತ್ರ. ಡಯಾಲಿಸಿಸ್ ಮನೆಯೊಂದಕ್ಕೆ 3 ಲಕ್ಷ ಎಷ್ಟು ತಿಂಗಳು ಬಂದೀತು? 20,900 ಸಂಬಳದವರಿಗೆ ಕಾನೂನು ಕೊಟ್ಟಷ್ಟನ್ನು 25,000 ಸಂಬಳದವರಿಗೆ ಮಾರುಕಟ್ಟೆ ಕೊಡುತ್ತಿಲ್ಲ. ಈ ಕಂದಕವನ್ನು ಯಾವ ಸುತ್ತೋಲೆಯೂ ಮುಟ್ಟಿಲ್ಲ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಇಎಸ್‌ಐ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ವೇತನಕ್ಕೆ ಹೊಸ ವ್ಯಾಖ್ಯೆ ಬಂದಿದೆ, ನನ್ನ ಕೋಷ್ಟಕಗಳೆಲ್ಲ ಮತ್ತೆ ಬರೆಯಬೇಕಾಗಿದೆ. 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂಬುದು ಸರ್ಕಾರ ಎತ್ತಿ ಹೇಳಿದ ಅಂಶ. ನಮ್ಮ ಬ್ರೋಕರ್ ಕೂಡಲೇ ತಮ್ಮ ಪಾಲಿಸಿಯ ಜೊತೆ ಕೊಡುವ ತಪಾಸಣೆ ಕೂಪನ್ ತೋರಿಸಿ “ಇದರಲ್ಲೇ ಮುಗಿಯಿತಲ್ಲ ಮೇಡಂ” ಎಂದರು. ಆ ಕೂಪನ್ನಿನಲ್ಲಿ ಸಕ್ಕರೆ, ಕೊಬ್ಬು, ಒಂದು ಹಲ್ಲಿನ ರಿಯಾಯಿತಿ ಇದೆ. ಮಾಲೀಕರ ಕಾನೂನು ಹೊಣೆಯನ್ನು ಕೂಪನ್ನಿನಿಂದ ತೀರಿಸಿಕೊಳ್ಳುವ ಉಪಾಯ ಬ್ರೋಕರ್‌ಗಳ ತಲೆಗೆ ಬಿಟ್ಟು ಬೇರೆ ಯಾರ ತಲೆಗೂ ಹೊಳೆಯಲಾರದು.

ಮಾನಸಿಕ ಆರೋಗ್ಯದ ಬಗ್ಗೆ ಒಂದು ಮಾತು. ದೈಹಿಕ ಕಾಯಿಲೆಗೆ ಹೇಗೋ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 21ನೇ ಕಲಂ ಹೇಳುತ್ತದೆ. ನಮ್ಮ ಪಾಲಿಸಿಯಲ್ಲೂ ಇದೆ. ಆದರೆ ಆಸ್ಪತ್ರೆಗೆ ದಾಖಲಾದರೆ ಮಾತ್ರ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತ, ಆಪ್ತ ಸಮಾಲೋಚಕರನ್ನು ನೋಡುತ್ತ, ದಿನಾ ಕೆಲಸಕ್ಕೆ ಬರುವವರಿಗೆ ಒಂದು ರೂಪಾಯಿಯೂ ಸಿಗದು. ಇಂಥ ಚಿಕಿತ್ಸೆಯ ಬಹುಪಾಲು ನಡೆಯುವುದೇ ಹೊರರೋಗಿ ವಿಭಾಗದಲ್ಲಿ.

ನಿವೃತ್ತರಾಗುವವರಿಗೆ ಈ ಪಾಲಿಸಿ ಹೇಗೆ? ಕೊನೆಯ ದಿನ ಹಾರ, ಶಾಲು, ಫಲತಾಂಬೂಲ, ಮರುದಿನದಿಂದ ರಕ್ಷಣೆ ಇಲ್ಲ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವಲಸೆ ಹೋಗಲು ಅವಕಾಶವಿದೆ, ಗುಂಪಿನಲ್ಲಿ ಕಳೆದ ವರ್ಷಗಳನ್ನು ಕಾಯುವ ಅವಧಿಯಲ್ಲಿ ವಜಾ ಮಾಡಿಕೊಳ್ಳುತ್ತಾರೆ. ಪ್ರೀಮಿಯಂ ಮಾತ್ರ ವಯಸ್ಸಿಗೆ ತಕ್ಕಂತೆ. ಇದನ್ನು ಟಿಪಿಎ ಹೇಳುವುದಿಲ್ಲ, ಬ್ರೋಕರ್ ಹೇಳುವುದಿಲ್ಲ, ಕೈಪಿಡಿಯಲ್ಲೂ ಇಲ್ಲ. ಹೊರಬೀಳುವ ಮೊದಲೇ ಅರ್ಜಿ ಹಾಕಬೇಕು. ನಿವೃತ್ತಿಗೆ ಆರು ತಿಂಗಳಿರುವಾಗಲೇ ನಾನೀಗ ಅವರನ್ನು ಕರೆದು ಕೂರಿಸಿ ನಮೂನೆ ತುಂಬಿಸುತ್ತೇನೆ. ಅದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ.

ಐದು ನಕ್ಷತ್ರದಲ್ಲಿ ಮೂರು ಕೊಡುತ್ತೇನೆ. ಹಳೆಯ ಕಾಯಿಲೆಗೆ ಮೊದಲ ದಿನದ ರಕ್ಷಣೆಗೆ ಎರಡು, ವಿಮಾ ಕಂಪನಿಯ ದೂರು ವಿಭಾಗ ಲೆಕ್ಕ ತೋರಿಸಿದರೆ ಕೇಳುತ್ತದೆ ಎಂಬುದಕ್ಕೆ ಒಂದು. ಆ್ಯಪ್‌ಗೂ ಟಿಪಿಎ ಸಹಾಯವಾಣಿಗೂ ಸೊನ್ನೆ. ಮಾರ್ಚ್ ಕೊನೆಗೆ ನವೀಕರಣ. ಕೋಣೆ ಬಾಡಿಗೆಯ ಮಿತಿ ತೆಗೆದು ಒಬ್ಬರೇ ಇರುವ ಸಾಮಾನ್ಯ ಖಾಸಗಿ ಕೋಣೆ ಎಂದು ಬದಲಿಸಿದರೆ ಪ್ರೀಮಿಯಂ ಎಷ್ಟು ಏರುತ್ತದೆ, ಕೋ-ಪೇ ಶೇ 10ಕ್ಕೆ ಇಳಿಸಿದರೆ ಎಷ್ಟು ಎಂದು ಬ್ರೋಕರ್‌ಗೆ ಬರೆದಿದ್ದೇನೆ. ಎರಡನೆಯದಕ್ಕೆ ಅದೇ ದಿನ ಉತ್ತರ ಬಂತು. ಮೊದಲನೆಯದಕ್ಕೆ “ಇನ್ನೊಂದು ವಾರ ಕೊಡಿ ಮೇಡಂ” ಎನ್ನುತ್ತಿದ್ದಾರೆ. ವಾರ ಕೊಟ್ಟಿದ್ದೇನೆ. ಜೊತೆಗೆ ಇನ್ನಿಬ್ಬರು ಬ್ರೋಕರ್‌ಗಳಿಗೂ ಅದೇ ಪ್ರಶ್ನೆ ಕಳುಹಿಸಿ, ಪ್ರತಿಯನ್ನು ಮಾಲೀಕರ ಮೇಜಿನ ಮೇಲೆ ಇಟ್ಟಿದ್ದೇನೆ.